ಬಡಿಸದೆ ಬಿಟ್ಟ ಹೋಳಿಗೆ

ನಮ್ಮ ಅತ್ತೆಗೆ ಸಿಟ್ಟು ಬಂದಿದೆ ಎಂದು ಮೊದಲು ಗೊತ್ತಾಗುತ್ತಿದ್ದುದು ಅವರ ಮೂಗುಬೊಟ್ಟಿನಿಂದ. ಏಳು ಹರಳಿನ ಹಳೆಯ ಬೊಟ್ಟು. ದನಿ ಏರುತ್ತಿರಲಿಲ್ಲ, ಹುಬ್ಬು ಗಂಟಾಗುತ್ತಿರಲಿಲ್ಲ. ಮೂಗಿನ ಹೊಳ್ಳೆ ಒಂಚೂರು ಅದುರುತ್ತಿತ್ತು, ಹರಳುಗಳು ಮಿಣಮಿಣ ಅನ್ನುತ್ತಿದ್ದವು. "ಬೊಟ್ಟು ಅಲ್ಲಾಡಿತಂದ್ರ ನಾವು ಹಿತ್ತಲಕ್ಕ ಓಡತಿದ್ವಿ" ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ.

ಅವರು ಧಾರವಾಡದವರು, ನಾನು ಮೈಸೂರಿನವಳು. ನಮ್ಮ ಕಡೆ ಸಿಟ್ಟು ಬಂದರೆ ನಾಲ್ಕು ಮಾತು ಅಂದು, ಎರಡು ಪಾತ್ರೆ ಕುಕ್ಕಿ, ಕಾಫಿ ಕುಡಿಯುವ ಹೊತ್ತಿಗೆ ಮರೆತಿರುತ್ತೇವೆ. ಅತ್ತೆಗೆ ಆ ಅಭ್ಯಾಸವೇ ಇರಲಿಲ್ಲ. ಅವರ ಓರಗಿತ್ತಿಯೊಬ್ಬರು ಯಾವುದೋ ಕಾಲದಲ್ಲಿ ತಮ್ಮ ಮಗಳ ಹೆಸರಿಡುವ ದಿನ ಇವರನ್ನು ಕರೆಯದೆ ಬಿಟ್ಟಿದ್ದರಂತೆ. ಅತ್ತೆ ಜಗಳ ಆಡಲಿಲ್ಲ. ಅಲ್ಲಿಂದ ಮುಂದೆ ಮದುವೆ, ಮುಂಜಿ, ಸೀಮಂತ ಏನೇ ಇರಲಿ, ಆ ಓರಗಿತ್ತಿಗೆ ಉಡಿ ತುಂಬುವಾಗ ಅದೇ ರಾಡಿ ಬಣ್ಣದ ಕುಬಸದ ಖಣ ಕೊಡುತ್ತಾ ಹೋದರು. ಒಳ್ಳೆಯ ಬಟ್ಟೆಯೇ, ಬೆಲೆಗೇನೂ ಕಡಿಮೆಯಿಲ್ಲ, ಬಣ್ಣ ಮಾತ್ರ ರಾಡಿ. ಜೊತೆಗೆ ಬಾಯಿತುಂಬ ನಗು. ಬೇಡ ಎನ್ನುವಂತಿಲ್ಲ, ತೊಡುವಂತಿಲ್ಲ. ಕೇಳಿದರೆ, "ಮರ್ಯಾದಿ ಕಡಿಮಿ ಮಾಡೀನೇನು?" ಅನ್ನುತ್ತಿದ್ದರು.

ಬೇಸಿಗೆ ಬಂತೆಂದರೆ ಪರದೇಶದಲ್ಲಿ, ಆಮ್ಸ್ಟೆಲ್‌ವೀನ್ ಎಂಬ ಊರಿನಲ್ಲಿರುವ ನಮ್ಮ ಮನೆಗೆ ಬರುತ್ತಿದ್ದರು. ಇಳಕಲ್ ಸೀರೆಯ ಮೇಲೆ ಮಗನ ಮಳೆಯಂಗಿ, ಕಾಲಿಗೆ ಕ್ಯಾನ್‌ವಾಸ್ ಬೂಟು. ಸೈಕಲ್ ದಾರಿಯಲ್ಲಿ ನಡೆದು, ಗಂಟೆ ಬಾರಿಸಿದವರ ಕಡೆ ತಿರುಗಿ ದೊಡ್ಡದಾಗಿ ನಮಸ್ಕಾರ ಮಾಡುತ್ತಿದ್ದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ರೊಟ್ಟಿ ಬಡಿಯುವ ಸದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು. ನಾನು ಶುಕ್ರವಾರ ಸಂಜೆ ಒಂದು ಗ್ಲಾಸ್ ವೈನ್ ಕುಡಿಯುತ್ತೇನೆಂದು ಅವರಿಗೆ ಮೊದಲ ವರ್ಷವೇ ಗೊತ್ತಾಗಿತ್ತು. ಮೂಸಿ ನೋಡಿ ಮುಖ ಹಿಂಡಿ, "ಕುಡಿಯೂದಾದ್ರ ಕೂತು ಕುಡಿ ನಮ್ಮವ್ವಾ, ನಿಂತು ಕುಡೀಬ್ಯಾಡ" ಅಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಕನ್ನಡದವರ ನಡುವೆ ಅತ್ತೆಗೆ ಇರುವ ಹೆಸರೇ ಬೇರೆ. ಸೊಸೆಯನ್ನು ಅಂಕೆಯಲ್ಲಿಟ್ಟು ಹಿಂಡಿದ ಅತ್ತೆ ಎಂದು. ಆ ಹೆಸರು ಕೊಟ್ಟವನು ನಮ್ಮ ಲೀಡರ್.

ಲೀಡರ್ ಅಂದರೆ ಯಾವ ಪಕ್ಷದವನೂ ಅಲ್ಲ. ಬೆಂಗಳೂರಿನವನು, ಇಲ್ಲಿ ನಮಗಿಂತ ಮೊದಲೇ ಬಂದು ಬೇರು ಬಿಟ್ಟವನು. ವರ್ಷಕ್ಕೊಂದು ಸಲ ಹತ್ತಾರು ಕುಟುಂಬಗಳನ್ನು ಬಸ್ಸಿಗೆ ತುಂಬಿ ಪ್ರವಾಸ ಕರೆದೊಯ್ಯುತ್ತಾನೆ. ವೈನ್ ಬಗ್ಗೆ ತನಗೆ ಗೊತ್ತಿಲ್ಲದ್ದು ಇಲ್ಲ ಎಂದು ತಿಳಿದವನು. ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತೇನೆ. ಇಲ್ಲಿ ಬರೆಯುವಾಗ ಏಕವಚನವೇ ಸಾಕು.

ಆ ವರ್ಷ ಹೊರಟಿದ್ದು ಫ್ರಾನ್ಸಿನ ಶಾಂಪೇನ್ ಸೀಮೆಗೆ, ಅದರ ದೊಡ್ಡ ಊರು ರೀಮ್ಸ್‌ಗೆ. ಹೊರಡುವುದಕ್ಕೆ ಕೆಲವೇ ವಾರಗಳ ಮುಂಚೆ ನನ್ನ ಹೊಟ್ಟೆಯಲ್ಲಿದ್ದ ಮೊದಲ ಕೂಸು ನಿಲ್ಲದೆ ಹೋಯಿತು. ಮನೆಯ ಮೂವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಪ್ರವಾಸಕ್ಕೆ ಬರುವುದಿಲ್ಲ ಎನ್ನಲು ಗಂಡ ಲೀಡರನಿಗೆ ಫೋನ್ ಮಾಡಿ, ಅವನೊಬ್ಬನಿಗೆ ಮಾತ್ರ ಕಾರಣ ಹೇಳಿದ. "ಛೆ ಛೆ, ಬನ್ರೀ, ಮನೇಲಿ ಕೂತು ಏನ್ ಮಾಡ್ತೀರಾ? ಮೈಂಡ್ ಸ್ವಲ್ಪ ಫ್ರೆಶ್ ಆಗುತ್ತೆ. ಮೇಡಂನ ನಾನ್ ನೋಡ್ಕೋತೀನಿ" ಅಂದನಂತೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಅವನು ಇಟ್ಟುಕೊಳ್ಳಲಿಲ್ಲ.

ಬಸ್ಸು ಬೆಲ್ಜಿಯಂ ಗಡಿ ದಾಟುವಾಗ ಅತ್ತೆ ರೊಟ್ಟಿಯ ಗಂಟು ಬಿಚ್ಚಿದರು. ಶೇಂಗಾ ಚಟ್ನಿಯ ವಾಸನೆ ಮುಂದಿನ ಸೀಟಿನವರೆಗೆ ಹೋಯಿತು. ಲೀಡರ್ ಮೈಕ್ ಹಿಡಿದೇ ಹೇಳಿದ: "ಅಮ್ಮ, ಪ್ಲೀಸ್, ಅದನ್ನ ಒಳಗಿಡಿ. ಫ್ರಾನ್ಸ್‌ಗೆ ಹೋಗ್ತಾ ಇದೀವಿ. ನಾನಂತೂ ನಮ್ಮ ಊಟ ಮುಟ್ಟೋದೇ ಇಲ್ಲ. ಅಲ್ಲಿನ ಬ್ರೆಡ್ಡು, ಅಲ್ಲಿನ ಚೀಸು, ಅಷ್ಟೇ." ಬಸ್ಸಿನವರೆಲ್ಲ ನಕ್ಕರು. ಅತ್ತೆಯೂ ನಕ್ಕು ಗಂಟು ಕಟ್ಟಿದರು. ಬೊಟ್ಟು ಅಲ್ಲಾಡಿತು.

ರೀಮ್ಸ್‌ನಲ್ಲಿ ದೊಡ್ಡ ಚರ್ಚು ನೋಡಿದೆವು. ಬಾಗಿಲ ಪಕ್ಕ ಕಲ್ಲಿನ ದೇವದೂತನೊಬ್ಬ ತುಟಿ ಬಿಡದೆ ನಗುತ್ತಾ ನಿಂತಿದ್ದಾನೆ. ಉಳಿದವರೆಲ್ಲ ಸೆಲ್ಫಿ ತೆಗೆದುಕೊಂಡು ಒಳಗೆ ಹೋದರೂ ಅತ್ತೆ ಅಲ್ಲೇ ನಿಂತಿದ್ದರು. "ನಗು ಅಂದ್ರ ಹಿಂಗಿರಬೇಕು ನೋಡು. ಒಳಗ ಏನದ ಅಂತ ಒಬ್ಬರಿಗೂ ತಿಳೀಬಾರದು" ಅಂದರು.

ಮಧ್ಯಾಹ್ನ ಒಂದು ವೈನ್ ಮನೆಯ ನೆಲಮಾಳಿಗೆಗೆ ಇಳಿದೆವು. ಸುಣ್ಣದ ಕಲ್ಲು ಕೊರೆದು ಮಾಡಿದ ಸುರಂಗಗಳು, ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ಹಲ್ಲು ಕಟಕಟ ಅನ್ನುವ ಚಳಿ. ಹಲಗೆಯ ತೂತುಗಳಲ್ಲಿ ಬಾಟಲಿಗಳು ತಲೆಕೆಳಗಾಗಿ ಸಾಲಾಗಿದ್ದವು. ಗೈಡ್ ಹುಡುಗಿ ತೋರಿಸಿದಳು: ಒಬ್ಬರು ದಿನವೂ ಬಂದು ಒಂದೊಂದು ಬಾಟಲಿಯನ್ನೂ ಒಂಚೂರೇ ತಿರುಗಿಸಿ ಹೋಗುತ್ತಾರೆ. ವಾರಗಟ್ಟಲೆ ಹೀಗೆ ಮಾಡಿದರೆ ಒಳಗಿನ ಗಷ್ಟೆಲ್ಲ ಇಳಿದಿಳಿದು ಬಾಯಿಗೆ ಬಂದು ಕೂರುತ್ತದೆ. ಆಮೇಲೆ ಮುಚ್ಚಳ ತೆಗೆದರೆ ಸಾಕು, ಗಷ್ಟು ತಾನೇ ಚಿಮ್ಮಿ ಆಚೆ ಬೀಳುತ್ತದೆ. ನನ್ನ ಗಂಡ ಅನುವಾದ ಮಾಡಿ ಹೇಳಿದ್ದನ್ನು ಅತ್ತೆ ಎರಡು ಸಲ ಹೇಳಿಸಿ ಕೇಳಿದರು. "ಒಮ್ಮೆಲೆ ಅಲ್ಲಾಡಿಸಿದ್ರ?" ಎಂದು ಅವನಿಂದ ಗೈಡ್‌ಗೆ ಕೇಳಿಸಿದರು. ಎಲ್ಲ ಕದಡಿ ಹಾಳಾಗುತ್ತದೆ ಅಂದಳು ಆಕೆ. ಅತ್ತೆ ಮೆಚ್ಚಿ ತಲೆದೂಗಿದರು.

ಮೇಲೆ ಬಂದ ಮೇಲೆ ರುಚಿ ನೋಡುವ ಕೋಣೆ. ಉದ್ದ ಮೇಜು, ಎಲ್ಲರ ಮುಂದೂ ಗ್ಲಾಸು. ಆಸ್ಪತ್ರೆಯವರು ಕೊಟ್ಟ ಮಾತ್ರೆ ಇನ್ನೂ ನಡೆಯುತ್ತಿತ್ತು, ನಾನು ಗ್ಲಾಸನ್ನು ಮುಂದಕ್ಕೆ ಸರಿಸಿ ಸುಮ್ಮನೆ ಕೂತಿದ್ದೆ. ಲೀಡರನ ಕಣ್ಣು ಬಿತ್ತು.

"ಏನ್ ಮೇಡಂ, ಮುಟ್ಟೇ ಇಲ್ಲ? ಓಹೋ! ಗೈಸ್, ಗೈಸ್, ಇಲ್ ಕೇಳಿ. ಇಲ್ಲೊಂದು ಗುಡ್ ನ್ಯೂಸ್ ಇದ್ದಂಗಿದೆ!"

"ಇಲ್ಲ, ಹಾಗೇನಿಲ್ಲ" ಅಂದೆ.

"ಅಯ್ಯೋ, ನಾಚ್ಕೋಬೇಡಿ ಮೇಡಂ! ಎಲ್ರೂ ಗ್ಲಾಸ್ ಎತ್ತಿ. ಜೂನಿಯರ್‌ಗೆ ಚಿಯರ್ಸ್!"

ಎಲ್ಲರೂ ಎದ್ದರು. ಯಾರೋ ಹಿಂದಿನಿಂದ ಬಂದು ನನ್ನ ಭುಜ ತಬ್ಬಿದರು. ಆ ಗ್ಲಾಸುಗಳೆಲ್ಲ ನನ್ನ ಕಡೆ ಚಾಚಿದವು, ಠಣ್ಣೆಂದು ಒಂದಕ್ಕೊಂದು ತಾಗಿದವು. ಇವತ್ತಿಗೂ ಯಾರದಾದರೂ ಮದುವೆಯಲ್ಲಿ ಆ ಸದ್ದು ಕೇಳಿದರೆ ನಾನು ಎದ್ದು ಆಚೆ ಹೋಗುತ್ತೇನೆ.

ಆಗ ಅತ್ತೆ ನನ್ನ ಮುಂದಿನ ಗ್ಲಾಸನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ವೈನ್ ಹರಿದು ಲೀಡರನ ಪ್ಯಾಂಟಿನ ಮೇಲೆ ಇಳಿಯಿತು.

"ಸುದ್ದಿ ಗಿದ್ದಿ ಏನೂ ಇಲ್ಲ. ಅಕಿಗೆ ನಾನ ಬ್ಯಾಡ ಅಂದೀನಿ. ನಮ್ಮ ಮನ್ಯಾಗ ಸೊಸಿ ಆದಾಕಿ ಇದನ್ನ ಮುಟ್ಟೂದಿಲ್ಲ. ಮುಟ್ಟಿದ್ರ ಹೊಸ್ತಲಾ ತುಳಿಸೂದಿಲ್ಲ."

ಎಲ್ಲರೂ ನನ್ನನ್ನು ಬಿಟ್ಟು ಅವರನ್ನು ನೋಡತೊಡಗಿದರು. ಅವರಿಗೆ ಬೇಕಾಗಿದ್ದುದೂ ಅದೇ. ನನ್ನ ಮೇಲೆ ಬಿದ್ದಿದ್ದ ಅಷ್ಟೂ ಕಣ್ಣುಗಳನ್ನು ತಮ್ಮ ಮೇಲೆ ಎಳೆದುಕೊಂಡು, ಆ ಕಲ್ಲಿನ ದೇವದೂತನ ಹಾಗೆ ತುಟಿ ಬಿಡದೆ ನಗುತ್ತಾ ಕೂತರು.

ವಾಪಸು ಬರುವಾಗ ಕಿಟಕಿ ಪಕ್ಕ ನನ್ನನ್ನು ಕೂರಿಸಿ ಸೆರಗು ಹೊದಿಸಿದರು. "ಅಳು. ಬಸ್ಸಿನ ಸಪ್ಪಳದಾಗ ಯಾರಿಗೂ ಕೇಳೂದಿಲ್ಲ" ಅಂದರು. "ಅತ್ತೆ, ಎಲ್ಲರಿಗೂ ನಿಜ ಹೇಳಿಬಿಡುತ್ತೇನೆ, ನಿಮಗ್ಯಾಕೆ ಕೆಟ್ಟ ಹೆಸರು" ಅಂದೆ. "ಬಾಯಿ ಬಿಟ್ಟೀ ಅಂದ್ರ ನೋಡು. ನಿನ್ನ ದುಃಖ ಅವರ ಚಹಾದ ಜೋಡಿ ತಿನ್ನೂ ಫರಾಳ ಅಲ್ಲ. ನನ್ನ ಹೆಸರು ಬೇಕಾದ್ರ ತಿನ್ನಲಿ."

ತಿಂದರು. ಲೀಡರನ ಬಾಯಲ್ಲಿ ಕಥೆ ಬೆಳೆಯಿತು. ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದಾಗ ಒಬ್ಬಾಕೆ ನನ್ನ ಕಿವಿಯಲ್ಲಿ, "ಏನಾದ್ರೂ ತೊಂದ್ರೆ ಇದ್ರೆ ಹೇಳಿ, ಇಲ್ಲಿ ಹೆಲ್ಪ್‌ಲೈನ್ ಇದೆ" ಅಂದರು. ಮನೆಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಅವನ ಮನೆಗೆ ಹೋಗಿ ಕಾಲರ್ ಹಿಡಿದು ಕೇಳಬೇಕು ಎಂದು ಮೈ ಉರಿಯುತ್ತಿತ್ತು.

"ಅಲ್ಲಾಡಿಸಬ್ಯಾಡ. ಕದಡತದ" ಅಂದರು ಅತ್ತೆ.

ಆ ವರ್ಷದ ಗಣೇಶನ ಹಬ್ಬ. ಬಾಡಿಗೆಗೆ ಹಿಡಿದ ಜಿಮ್ ಹಾಲಿನಲ್ಲಿ ಪಂಕ್ತಿ ಊಟ. ಹೋಳಿಗೆ ಬಡಿಸುವುದು ತಮ್ಮ ಪಾಲಿಗಿರಲಿ ಎಂದು ಅತ್ತೆ ಕೇಳಿ ತೆಗೆದುಕೊಂಡರು. ಲೀಡರ್ ಹೋಳಿಗೆಗೆ ಪ್ರಾಣ ಬಿಡುವ ಮನುಷ್ಯ. ಅವನ ಮನೆಯಲ್ಲಿ ಅಡುಗೆ ಅಷ್ಟಕ್ಕಷ್ಟೇ, ಹಬ್ಬಕ್ಕಾಗಿಯೇ ಕಾಯುತ್ತಿದ್ದವನು. ಅತ್ತೆ ಬಗ್ಗಿ ಬಗ್ಗಿ ಎಲ್ಲರಿಗೂ ಬಡಿಸುತ್ತಾ ಬಂದು, ಅವನ ಎಲೆಯ ಮುಂದೆ ನೆಟ್ಟಗೆ ನಿಂತರು.

"ಅಯ್ಯ, ಇವರು ನಮ್ಮ ಊಟ ಮುಟ್ಟೂದಿಲ್ಲಲ್ಲ! ಬಸ್ಸಿನ್ಯಾಗ ಹೇಳಿದ್ರು. ಯಾರರೆ ಇವರಿಗೆ ಒಂದಿಷ್ಟು ಬ್ರೆಡ್ಡು ಚೀಸು ತರ್ರೆಪಾ."

ಎಲ್ಲರೂ ನಕ್ಕರು, ಅವನೂ ನಕ್ಕ. ಮತ್ತೆ ಬರುತ್ತಾರೆಂದು ಕಾದ. ಅತ್ತೆ ಆ ಎಲೆಯ ಕಡೆ ತಿರುಗಲಿಲ್ಲ.

ಅಲ್ಲಿಂದ ಶುರು. ಯಾರ ಮನೆಯಲ್ಲಿ ಅರಿಶಿನ ಕುಂಕುಮ, ಯಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಅಲ್ಲೆಲ್ಲ ಅತ್ತೆ ಒಂದೇ ಮಾತು ಸಣ್ಣಗೆ ಬಿಟ್ಟು ಬರುತ್ತಿದ್ದರು: "ಪಾಪ, ಅವರಿಗೆ ನಮ್ಮ ಅಡಗಿ ಸೇರೂದಿಲ್ಲ. ಮುಜುಗರ ಮಾಡಬ್ಯಾಡ್ರಿ." ಕಹಿ ಇಲ್ಲ, ಸುಳ್ಳೂ ಇಲ್ಲ. ಅವನೇ ಮೈಕ್ ಹಿಡಿದು ಹೇಳಿದ ಮಾತು. ಬೇಸಿಗೆಯಿಂದ ಬೇಸಿಗೆಗೆ ಮಾತು ಊರೆಲ್ಲ ಇಳಿಯಿತು. ಕೊನೆಗೆ ಅವನು ಬರುತ್ತಾನೆಂದರೆ ಮನೆಯವರು ಅವನಿಗೆಂದೇ ಉದ್ದನೆಯ ಬ್ರೆಡ್ಡು ತಂದಿಡುವಂತಾಯಿತು. ಒಮ್ಮೆ ಯಾರದೋ ಗೃಹಪ್ರವೇಶದಲ್ಲಿ, ಎಣ್ಣೆಗಾಯಿಯ ಪಾತ್ರೆ ಪಕ್ಕದಲ್ಲೇ ಹೋಗುತ್ತಿರುವಾಗ, ಅವನು ಚೀಸಿನ ತುಂಡು ಹಿಡಿದು ಕೂತಿದ್ದನ್ನು ನೋಡಿದೆ. ನನಗೆ ಆದ ಸಂತೋಷ ಹೇಳತೀರದು. ಇದನ್ನು ಹೇಳಲು ನನಗೆ ನಾಚಿಕೆಯೂ ಇಲ್ಲ.

ಮುಂದೆ ನನಗೆ ಮಗಳು ಹುಟ್ಟಿದಳು. ಮನೆ ತುಂಬಿತು. ಬಾಣಂತನಕ್ಕೆ ಬಂದಿದ್ದ ಅತ್ತೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ, ಖುಷಿಯ ಹೊತ್ತು ಎಂದೋ ಏನೋ, "ಇನ್ನು ಸಾಕು ಬಿಡಿ ಅತ್ತೆ, ಅವರಿಗೂ ಒಂದು ಹೋಳಿಗೆ ಹಾಕಿಬಿಡಿ" ಅಂದೆ. ಅವರ ಕೈ ನಿಂತಿತು. ಬೊಟ್ಟು ಮಿಣುಕಿತು.

"ಇಕಿ ಬಂದ್ಲು ಅಂತ ಹೋದಾಕಿ ಹೋಗಲಿಲ್ಲೇನು?"

ಹೋದದ್ದು ಹೆಣ್ಣು ಎಂದು ನಮಗೆ ಯಾರೂ ಹೇಳಿರಲಿಲ್ಲ. ಅತ್ತೆ ಮನಸ್ಸಿನಲ್ಲಿ ಅದಕ್ಕೊಂದು ರೂಪ ಕೊಟ್ಟು, ಇಷ್ಟು ವರ್ಷ ಮೊಮ್ಮಗಳೆಂದೇ ಲೆಕ್ಕ ಹಿಡಿದಿದ್ದರು.

"ಅಂವಗ ನಿನ್ನ ಗಂಡ ಹೇಳಿದ್ದ. ಹೇಳಿದ್ದನ್ನ ಮರತಾ. ತಾನಾಗೇ ನೆನಪು ಮಾಡಿಕೊಂಡು ಬಂದು ನಿನ್ನ ಮುಂದ ನಿಂತಾ ಅಂದ್ರ, ನಾನ ಕೈಯಾರೆ ತುಪ್ಪ ಸುರುವಿ ಬಡಸ್ತೀನಿ. ಅಲ್ಲೀತನಕ ಬಡಿಸಬ್ಯಾಡ. ನಾ ಇಲ್ಲಂದ್ರೂ ಬಡಿಸಬ್ಯಾಡ."

ಹೋದ ಚಳಿಗಾಲ ಅತ್ತೆ ಧಾರವಾಡದಲ್ಲಿ ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅಲ್ಲಿನ ಕರ್ಮ ಮುಗಿಸಿ ಬಂದ ಮೇಲೆ ಆಮ್ಸ್ಟೆಲ್‌ವೀನ್‌ನಲ್ಲಿ ಅವರ ಹೆಸರಿನಲ್ಲಿ ಒಂದು ಊಟ ಇಟ್ಟೆವು. ಹೋಳಿಗೆ ನಾನೇ ಮಾಡಿದೆ. ಅವರಷ್ಟು ತೆಳ್ಳಗೆ ಬರಲಿಲ್ಲ.

ಲೀಡರನೂ ಬಂದಿದ್ದ. ಕಣ್ಣು ಒದ್ದೆ ಮಾಡಿಕೊಂಡೇ ಬಂದ. ಬುಟ್ಟಿ ಹಿಡಿದು ಅವನ ಸಾಲಿಗೆ ಬಂದಾಗ ನಿಜ ಹೇಳಬೇಕೆಂದರೆ ನನ್ನ ಕೈ ಸಡಿಲಾಗಿತ್ತು. ಸತ್ತವರ ಹೆಸರಿನ ಊಟ, ಎಲೆಯ ಮುಂದೆ ಕೂತವರಿಗೆ ಇಲ್ಲ ಎನ್ನಬಾರದು. ನಿಂತೆ. ಅವನು ತಲೆಯೆತ್ತಿ ಮೆಲ್ಲಗೆ ಹೇಳಿದ:

"ಅಮ್ಮ ಸ್ವಲ್ಪ ಸ್ಟ್ರಿಕ್ಟ್ ಇದ್ರು, ಆದ್ರೂ ದೊಡ್ಡ ಜೀವ ಮೇಡಂ. ನೆನಪಿದ್ಯಾ, ರೀಮ್ಸ್‌ನಲ್ಲಿ? ಪಾಪ, ನಿಮಗೆ ಒಂದು ಸಿಪ್ ಕುಡಿಯಕ್ಕೂ ಬಿಡ್ಲಿಲ್ಲ."

ಸಾಂಬಾರಿನ ಪಾತ್ರೆ ಹಿಡಿದು ಹಿಂದೆ ಬರುತ್ತಿದ್ದ ನನ್ನ ಗಂಡ ನನ್ನ ಮುಖ ನೋಡಿದ. ನನಗೆ ಮೂಗುಬೊಟ್ಟಿಲ್ಲ. ಆದರೂ ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ನಿಮಗೆ ನಮ್ಮ ಊಟ ಸೇರೋದಿಲ್ಲ ಅಲ್ವಾ?" ಎಂದು ನಕ್ಕು, ಪಕ್ಕದ ಎಲೆಗೆ ಎರಡು ಹೋಳಿಗೆ ಹಾಕಿದೆ.