ಷಡ್ಡಕನ ಗಾಡಿಯಲ್ಲಿ ತನ್ನ ದನಿ

ಷಡ್ಡಕ ಎನ್ನುವ ಸಂಬಂಧವನ್ನು ಯಾವ ಪುಣ್ಯಾತ್ಮ ಹುಟ್ಟುಹಾಕಿದನೋ ಗೊತ್ತಿಲ್ಲ. ಹೆಂಡತಿಯ ತಂಗಿಯ ಗಂಡ ಎಂಬ ಒಂದೇ ಕಾರಣಕ್ಕೆ, ಮುಖ ನೋಡಬೇಕಾದ ಅಗತ್ಯವೇ ಇಲ್ಲದ ಆಸಾಮಿಯನ್ನು ಮನೆಯೊಳಗೆ ಕೂರಿಸಿ "ಬಾಪ್ಪ, ಕೈ ತೊಳ್ಕೊ, ಊಟ ಮಾಡು" ಎನ್ನಬೇಕಾಗುತ್ತದೆ. ಕುಕ್ಕರ್ ಮಾಮ ಹಾಗೆ ಅಂದವನೇ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಷಡ್ಡಕನಿಗೆ ಕೆಲಸ ಕಲಿಸಿದ, ತಾನು ಓಡಾಡುವ ಬೀದಿಗಳನ್ನು ತೋರಿಸಿದ, ಕಡೆಗೆ ತನ್ನ ದನಿಯನ್ನೂ ಕೊಟ್ಟ. ಅದಕ್ಕೆ ಸಿಕ್ಕಿದ ಪ್ರತಿಫಲವನ್ನು ಹೇಳುವಾಗ ನನಗೂ ಸ್ವಲ್ಪ ಸಿಟ್ಟು ಬರುತ್ತದೆ, ಸಹಿಸಿಕೊಳ್ಳಿ.

ಕುಕ್ಕರ್ ಮಾಮ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಹದಿನೆಂಟನೇ ವಯಸ್ಸಿಗೆ ಪಾತ್ರೆ ಕಾರ್ಖಾನೆಯಲ್ಲಿ ಕುಕ್ಕರಿಗೆ ಹಿಡಿ ಕೂರಿಸುವ ಕೆಲಸಕ್ಕೆ ಸೇರಿದವನು, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಒಂದು ಹಳೇ ಮೋಟಾರ್ ಸೈಕಲ್ ಕೊಂಡ. ಹಿಂದುಗಡೆ ತಗಡಿನ ಪೆಟ್ಟಿಗೆ, ಅದರೊಳಗೆ ಗ್ಯಾಸ್ಕೆಟ್, ವಾಲ್ವ್, ಹಿಡಿ, ತಗ್ಗು ಎತ್ತಲು ಮರದ ಸುತ್ತಿಗೆ, ಒಂದು ಕಬ್ಬಿಣದ ಸುತ್ತಿಗೆ, ಬಡಿಯುವಾಗ ಕೆಳಗಿಡಲು ಸಣ್ಣದೊಂದು ಅಡಿಗಲ್ಲು. ಬಂಡವಾಳ ಇಷ್ಟೇ. ಇದರ ಮೇಲೆ ದೇವರು ಕೊಟ್ಟ ಕಂಠ ಇತ್ತು. "ಕುಕ್ಕರ್ ರಿಪೇರೀ... ಹಿಡೀ, ವಾಲ್ವೂ, ಗ್ಯಾಸ್ಕೆಟ್ಟೂ..." ಎಂದು ಅವನು ಬೀದಿಯ ಮೂಲೆಯಲ್ಲಿ ಎಳೆದರೆ ನಾಲ್ಕನೇ ಮಹಡಿಯ ಬಾಗಿಲೂ ತೆರೆದುಕೊಳ್ಳುತ್ತಿತ್ತು. ಅವನ ಹೆಂಡತಿ ಅಂಥದ್ದೇ ಒಂದು ಮಹಡಿಯಿಂದ ಇಳಿದು ಬಂದವಳು. ಆವತ್ತು ಅವಳು ತಂದ ಕುಕ್ಕರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಏನೂ ಕೆಟ್ಟಿಲ್ವಲ್ಲ" ಅಂದನಂತೆ. "ಹಾಗಾದ್ರೆ ನೀವೇ ಕೆಡಿಸಿಕೊಡಿ" ಅಂದಳಂತೆ ಅವಳು.

ಷಡ್ಡಕ ಬಂದದ್ದು ಹದಿನೈದು ವರ್ಷಗಳ ನಂತರ. ಮಾಡುತ್ತಿದ್ದ ಕೆಲಸ ಬಿಟ್ಟು ಖಾಲಿ ಕೂತಿದ್ದ. ನಾದಿನಿಯ ಮುಖ ನೋಡಲಾರದೆ ಮಾಮ ಅವನನ್ನು ಜೊತೆಗೆ ಹಾಕಿಕೊಂಡ. ಆ ಮನುಷ್ಯನಿಗೆ ಬೀದಿಯಲ್ಲಿ ಕೂಗಲು ನಾಚಿಕೆ. ಅದಕ್ಕೆ ತನ್ನ ಗಾಡಿಗೆ ಮೈಕು ಕಟ್ಟಿಸಿಕೊಂಡು, "ಅಣ್ಣ, ನೀವೊಂದ್ಸಲ ಕೂಗಿ, ನಾನು ತುಂಬ್ಕೋತೀನಿ" ಎಂದು ಫೋನು ಹಿಡಿದ. ಮಾಮ ಎದೆಯುಬ್ಬಿಸಿ ಕೂಗಿಕೊಟ್ಟ, ಅದು ಮೈಕಿನ ಮೆಮೊರಿ ಕಾರ್ಡಿಗೆ ಇಳಿಯಿತು. ಇಬ್ಬರೂ ಎರಡು ದಿಕ್ಕಿಗೆ ಹೋಗುತ್ತಿದ್ದರು, ಎರಡು ಕಡೆಯೂ ಒಂದೇ ದನಿ. ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಷಡ್ಡಕ ಬೇರೆಯಾದ, ಮಾಮನ ಬೀದಿಗಳಲ್ಲೇ ಮಾಮನಿಗಿಂತ ಮೊದಲು ಓಡಾಡತೊಡಗಿದ. ಅದೂ ಮಾಮನ ದನಿಯಲ್ಲಿ. ಕೇಳಲು ಹೋದರೆ ಹಲ್ಲು ಕಿರಿದ.

"ಮೈಕು ನಂದು, ಕಾರ್ಡು ನಂದು. ಒಳಗಿರೋದೂ ನಂದೇ ಅಲ್ವೇನಣ್ಣ?"

ಮಾಮನ ಮೈ ಉರಿದುಹೋಯಿತು. ಅದಕ್ಕಿಂತ ಉರಿದದ್ದು ಷಡ್ಡಕನ ಕೆಲಸ ಕಂಡು. ಹಳೇ ಗ್ಯಾಸ್ಕೆಟ್ಟಿಗೆ ಎಣ್ಣೆ ಸವರಿ, ಹೊಸದೆಂದು ಹಾಕಿ ದುಡ್ಡು ತೆಗೆದುಕೊಳ್ಳುತ್ತಿದ್ದ. ಜನ ಬಾಗಿಲು ತೆರೆಯುತ್ತಿದ್ದದ್ದು ಮಾಮನ ದನಿಗೆ, ಕೈಗೆ ಸಿಗುತ್ತಿದ್ದದ್ದು ಷಡ್ಡಕನ ರಿಪೇರಿ, ಬೈಗುಳ ಮಾತ್ರ ಸೀದಾ ಮಾಮನ ಲೆಕ್ಕಕ್ಕೆ. "ನೀನು ಕಳಿಸಿದ ಹುಡುಗ ತಾನೇ? ದನಿ ನಿಂದೇ ಇತ್ತಲ್ಲ" ಎಂದು ಹಳೇ ಗಿರಾಕಿಗಳೇ ಮೂಗು ಮುರಿಯುತ್ತಿದ್ದರು. ಮಾಮ ಹಟಕ್ಕೆ ಬಿದ್ದು ಇನ್ನಷ್ಟು ಜೋರಾಗಿ ಕೂಗಿದ. ಬರಿಗಂಟಲಿನಲ್ಲಿ, ಮೈಕಿನ ವಿರುದ್ಧ, ತನ್ನದೇ ಹಳೇ ದನಿಯ ವಿರುದ್ಧ, ಮೂರು ವರ್ಷ. ಕಡೆಗೆ ಗಂಟಲಿನಿಂದ ಗೊರಗೊರ ಬಿಟ್ಟು ಬೇರೇನೂ ಬಾರದಾಯಿತು. ಡಾಕ್ಟರಮ್ಮ ಕನ್ನಡಿ ಇಳಿಸಿ ನೋಡಿ, ಗಂಟಲಲ್ಲಿ ಗಂಟು ಕಟ್ಟಿದೆ ಎಂದರು. "ಮೆಲ್ಲಗೆ ಮಾತಾಡಿ. ಇನ್ನು ಕೂಗಿದ್ರೆ ಮಾತೂ ಹೋಗುತ್ತೆ. ಹಳೇ ದನಿ ವಾಪಸ್ ಬರುತ್ತೆ ಅಂತ ಮಾತ್ರ ಕಾಯ್ಬೇಡಿ."

ಆವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗಲೇ ಮಾಮ ತೀರ್ಮಾನಿಸಿದ. ಗಾಡಿಗೆ ಮೈಕು ಹಾಕಿಸಬೇಕು, ಅವನ ನೀರಿಳಿಸಬೇಕು. ಹೊಟ್ಟೆಪಾಡು ಎಂದು ಹೆಂಡತಿಗೆ ಹೇಳಿದನಾದರೂ ಒಳಗಿದ್ದದ್ದು ಸೇಡೇ. ಅದರಲ್ಲಿ ತಪ್ಪೇನಿದೆ ಎಂದು ನನಗಂತೂ ಅನ್ನಿಸುವುದಿಲ್ಲ.

ಕೈಯಲ್ಲಿದ್ದದ್ದು ನಾಲ್ಕು ಸಾವಿರ. ಗಾಡಿ ಸಾಮಾನಿನ ಅಂಗಡಿಯವನು ಮೊದಲು ತೋರಿಸಿದ್ದು ಹ್ಯಾಂಡಲಿಗೆ ಸಿಕ್ಕಿಸುವ ಎರಡು ಗುಂಡು ಸ್ಪೀಕರ್. ಸುತ್ತ ನೀಲಿ ದೀಪ, ಮಳೆ ಬಿದ್ದರೂ ಏನೂ ಆಗದಂತೆ ಮುಚ್ಚಿಗೆ.

"ಸಾವಿರ ವ್ಯಾಟ್ ಸಾರ್. ಬೇಸ್ ಕೇಳಿ, ಎದೆ ನಡುಗುತ್ತೆ."

"ನನ್ನ ಗಾಡಿ ಬ್ಯಾಟರಿ ಹೆಡ್‌ಲೈಟ್ ಹೊತ್ತಿಸಕ್ಕೇ ಒದ್ದಾಡುತ್ತೆ. ಸಾವಿರ ವ್ಯಾಟ್ ಎಲ್ಲಿಂದ ಬರುತ್ತಪ್ಪ, ನಿಮ್ಮಪ್ಪನ ಮನೆಯಿಂದ್ಲಾ?" ಎಂದ ಮಾಮ, ಗೊಗ್ಗರು ದನಿಯಲ್ಲಿ.

ಅಂಗಡಿಯವನು ನಕ್ಕುಬಿಟ್ಟ. ಅಲ್ಲಿಂದ ಮುಂದೆ ಅವನು ಸುಳ್ಳು ಹೇಳಲಿಲ್ಲ. ಅಂಗಡಿಯ ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ಮಾಮನ ಹಳೇ ಗಿರಾಕಿ ಟೀಚರಮ್ಮ ಇದ್ದರು. ಮಾಮ ಅವರ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟ, ಹೊಗೆ ಎಳೆಯುವ ಫ್ಯಾನ್ ಹಾಕಿದ, ಕಿಟಕಿಯನ್ನು ಅರ್ಧ ಮುಚ್ಚಿದ. ಯಾವ ಹೆಂಗಸೂ ಕೆಲಸ ಬಿಟ್ಟು ಇವನ ಕೂಗಿಗೆ ಕಾಯುತ್ತ ಕೂತಿರುವುದಿಲ್ಲ. ಈ ಗದ್ದಲದ ನಡುವೆ ಕೇಳಿದರೆ ಮಾತ್ರ ಕೇಳಿದ ಹಾಗೆ. ಕೆಳಗೆ ಅಂಗಡಿಯವನು ಗುಂಡು ಸ್ಪೀಕರ್ ಹಾಕಿದ. ಮೇಲೆ ಬಂದದ್ದು ಧಬ ಧಬ ಸದ್ದು, ಒಂದಕ್ಷರವೂ ಬಿಡಿಸಿ ಕೇಳಲಿಲ್ಲ. ಆಮೇಲೆ ಅಗಲ ಬಾಯಿಯ ಹಳೇ ಮಾದರಿ ಮೈಕು ಹಾಕಿದ. ಮೂಗಿನಲ್ಲಿ ಮಾತಾಡಿದಂತಿತ್ತು, ಆದರೆ ಅಕ್ಷರ ಅಕ್ಷರವೂ ನಲ್ಲಿಯ ಸದ್ದನ್ನು ದಾಟಿ ಬಂತು.

"ಇದೇ ಇರಲಿ ಕಣಯ್ಯ. ಆ ಇನ್ನೊಂದಕ್ಕೆ ನನಗೆ ತಲೆನೋವು ಬಂತು" ಎಂದರು ಟೀಚರಮ್ಮ.

ಹೊಸ ಮೈಕು, ಹೊಸ ಆಂಪ್ಲಿಫೈಯರ್ ಎರಡೂ ಸೇರಿದರೆ ಕೈಗೆಟುಕುವಂತಿರಲಿಲ್ಲ. ಆಂಪ್ಲಿಫೈಯರ್ ಕಡಿಮೆ ಕರೆಂಟು ತಿನ್ನುವಂಥದ್ದೇ ಬೇಕು, ಬೀದಿ ಬೀದಿಯಲ್ಲಿ ಎಂಜಿನ್ ಆರಿಸಿ ನಿಲ್ಲುವವನಿಗೆ ಬ್ಯಾಟರಿ ಮಧ್ಯಾಹ್ನಕ್ಕೇ ಸತ್ತರೆ ಗಾಡಿ ತಳ್ಳುವ ಗತಿ. ಅಲ್ಲಿ ಜುಗ್ಗತನ ಮಾಡಬಾರದೆಂದು ಹೊಸದನ್ನೇ ತೆಗೆದುಕೊಂಡ. ಮೈಕಿಗೆ ಬಂದಾಗ ಮಾತ್ರ, ಮೂಲೆಯಲ್ಲಿ ಬಿದ್ದು ಬಾಯಿ ಜಜ್ಜಿಹೋಗಿದ್ದ ಒಂದನ್ನು ಕಾಲಿನಿಂದ ಸರಿಸಿ, "ಇದಕ್ಕೆಷ್ಟು?" ಎಂದ.

"ಅದು ಗುಜರಿಗೆ ಹೋಗೋದು ಸಾರ್. ಅರಚುತ್ತೆ."

ಇಪ್ಪತ್ತೆರಡು ವರ್ಷ ತಗ್ಗು ಎತ್ತಿದವನಿಗೆ ಇಂಥ ಮಾತು ಹೇಳಬಾರದು. ಫುಟ್‌ಪಾತಿನಲ್ಲೇ ಕೂತು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಅರ್ಧ ಗಂಟೆಯಲ್ಲಿ ಅದರ ಬಾಯಿಯನ್ನು ದುಂಡಗೆ ಮಾಡಿದ. ಅರಚಾಟ ನಿಂತಿತು. ನಾಲ್ಕು ಸಾವಿರದಲ್ಲಿ ಹಿಡಿ ಚಿಲ್ಲರೆ ಉಳಿಯಿತು. ಅಂಗಡಿಯವನ ಮುಖ ನೋಡಬೇಕಿತ್ತು.

ಉಳಿದದ್ದು ದನಿ. ಅದನ್ನು ಹೆಂಡತಿಯೇ ಕೊಡಬೇಕು. ಮಾಮ ಬರೆದುಕೊಟ್ಟ ಮೊದಲ ಚೀಟಿಯಲ್ಲಿ ಕಳ್ಳ, ಸುಳ್ಳ, ಎಂಜಲು ತಿನ್ನುವವನು ಎಂದೆಲ್ಲ ಇತ್ತು. ಅವಳು ಓದಿ ಅಲ್ಲೇ ಹರಿದುಹಾಕಿದಳು.

"ನನ್ನ ತಂಗಿ ಗಂಡ ರೀ. ಬೀದೀಲಿ ನಿಂತು ಬೈಯಕ್ಕಾಗಲ್ಲ."

"ಬೈಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಅದಕ್ಕೂ ಆಗಲ್ವಾ?"

ಅವಳು ಬಹಳ ಹೊತ್ತು ಯೋಚಿಸಿ, ಫೋನು ಎದುರಿಗಿಟ್ಟುಕೊಂಡು, ಪಕ್ಕದ ಮನೆಯವರೊಂದಿಗೆ ಮಾತಾಡುವಷ್ಟೇ ಸಾದಾ ದನಿಯಲ್ಲಿ ಹೇಳಿದಳು: "ಕುಕ್ಕರ್ ರಿಪೇರಿ. ನಮ್ಮ ಯಜಮಾನ್ರು ಬಂದಿದಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಾಡಿ ಬರುತ್ತೆ. ಅದರಲ್ಲಿರೋ ದನಿ ನಮ್ಮ ಯಜಮಾನ್ರದು. ಗಾಡೀಲಿರೋರು ನಮ್ಮ ಯಜಮಾನ್ರಲ್ಲ. ಅವರು ಹಾಕಿದ ಗ್ಯಾಸ್ಕೆಟ್ ಸೋರ್ತಿದ್ರೆ ತನ್ನಿ, ಪುಕ್ಕಟೆ ನೋಡಿಕೊಡ್ತಾರೆ."

ಮಾಮ ಕೇಳಿ ಕಣ್ಣು ಮುಚ್ಚಿಕೊಂಡ. ತಾನು ಬರೆದ ಅಷ್ಟೂ ಬೈಗುಳಕ್ಕಿಂತ ಇದು ಆಳಕ್ಕೆ ಹೋಗುತ್ತದೆಂದು ಅವನಿಗೆ ಗೊತ್ತಾಯಿತು.

ಮರುದಿನದಿಂದ ಷಡ್ಡಕ ಯಾವ ಬೀದಿಗೆ ಹೊರಟರೂ ಮಾಮನ ಗಾಡಿ ಹತ್ತು ನಿಮಿಷ ಮುಂದೆ. ಮೊದಲ ದಿನ ಜನ ಬಿದ್ದು ಬಿದ್ದು ನಕ್ಕರು. ಎರಡನೇ ದಿನ ಕುಕ್ಕರ್ ಹೊತ್ತು ಇಳಿದುಬಂದರು. ಎಣ್ಣೆ ಸವರಿದ ಹಳೇ ಗ್ಯಾಸ್ಕೆಟ್ಟುಗಳನ್ನು ಮಾಮ ಒಂದೊಂದಾಗಿ ಕಿತ್ತು ಗಾಡಿಯ ಹ್ಯಾಂಡಲಿಗೆ ಹಾರದ ಹಾಗೆ ನೇತುಹಾಕಿದ. ಮೂರನೇ ದಿನದಿಂದ ಷಡ್ಡಕನ ಮೈಕು "ಕುಕ್ಕರ್ ರಿಪೇರೀ..." ಎಂದು ಬಾಯಿ ತೆರೆದರೆ ಸಾಕು, ಮಹಡಿ ಮಹಡಿಯಿಂದ "ಯಾರ ದನೀನಪ್ಪಾ ಅದು?" ಎಂಬ ಕೂಗು. ಮಕ್ಕಳು ಹಿಂದೆ ಓಡುತ್ತಿದ್ದವು. ಅವನ ಆಟ ಮುಗಿಯಿತು. ಮಾಮನಿಗೆ ರಾತ್ರಿ ಕಣ್ತುಂಬ ನಿದ್ದೆ ಬಂತು, ಎಷ್ಟೋ ವರ್ಷದ ಮೇಲೆ.

ಒಂಬತ್ತನೇ ದಿನ ಮಧ್ಯಾಹ್ನ, ಮಾಮ ಬೀದಿ ಬದಿಯಲ್ಲಿ ಕೂತು ನಾಲ್ಕು ಜನ ಹೆಂಗಸರ ನಡುವೆ ಹಿಡಿ ಬಿಗಿಯುತ್ತಿದ್ದಾಗ ಷಡ್ಡಕನ ಗಾಡಿ ಬಂದು ನಿಂತಿತು. ಮೈಕು ಬಾಯಿ ಮುಚ್ಚಿಕೊಂಡಿತ್ತು. ಹಿಂದೆ ಕೂತಿದ್ದ ನಾದಿನಿ ಇಳಿದು ಬಂದಳು.

"ಭಾವ, ಸಾಕು ಮಾಡಿ. ಇವ್ರು ತಲೆ ಎತ್ತಿ ಓಡಾಡೋ ಹಾಗಿಲ್ಲ. ತಗೊಳ್ಳಿ, ನಿಮ್ಮ ದನಿ ನಿಮಗೆ." ಉಗುರಿನಷ್ಟಗಲದ ಕಾರ್ಡನ್ನು ಅವನ ಅಂಗೈಯಲ್ಲಿಟ್ಟಳು. "ಜೋಪಾನ. ತುಂಬ್ಕೊಂಡಿದ್ದ ಫೋನು ಎಂದೋ ಹೋಯ್ತು. ಇದೊಂದ್ರಲ್ಲೇ ಇರೋದು."

ಮಾಮ ಕಾರ್ಡನ್ನು ನೋಡಿದ. ಅವನ ಹೊಸ ಆಂಪ್ಲಿಫೈಯರಿನಲ್ಲಿ ಅದು ಕೂರುವ ಸಂದಿಯೂ ಇತ್ತು. ಅದನ್ನು ಜೇಬಿಗೆ ಹಾಕಿಕೊಳ್ಳುವವನೇ ಇದ್ದ, ಅಷ್ಟರಲ್ಲಿ ಷಡ್ಡಕನ ಮುಖ ಕಣ್ಣಿಗೆ ಬಿತ್ತು. ನಾಚಿಕೆಯಿಲ್ಲ, ಪಶ್ಚಾತ್ತಾಪವಿಲ್ಲ. ಕಡ ತಂದ ಏಣಿಯನ್ನು ಹಿಂದಿರುಗಿಸಿ ಕೈ ಝಾಡಿಸಿಕೊಂಡವನ ನಿರಾಳ. "ಆಯ್ತಲ್ಲಣ್ಣ, ಮುಗೀತಲ್ಲ?" ಎಂದು ಬೇರೆ ಕೇಳಿದ.

ಮುಗಿಯಿತೇ! ಗಂಟಲು ಹೋದದ್ದು, ಹೆಸರು ಕೆಟ್ಟದ್ದು, ಗಿರಾಕಿಗಳು ಮುಖ ತಿರುಗಿಸಿದ್ದು ಎಲ್ಲ ಒಂದು ಉಗುರಿನಗಲದಲ್ಲಿ ಮುಗಿದುಹೋಯಿತೇ! ಮಾಮ ಕಾರ್ಡನ್ನು ಅಡಿಗಲ್ಲಿನ ಮೇಲಿಟ್ಟ, ಕಬ್ಬಿಣದ ಸುತ್ತಿಗೆ ಎತ್ತಿಕೊಂಡ.

"ನೀನು ಹೊಟ್ಟೆ ಹೊರೆದ ದನಿ ನಂಗೆ ಬೇಡ."

ಒಂದೇ ಏಟು. ಹೆಂಗಸರು ಹಿಂದೆ ಸರಿದರು, ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು, ಷಡ್ಡಕನ ಮುಖ ಸುಣ್ಣವಾಯಿತು. ಆ ಮುಖವನ್ನು ನೋಡಿ ಮಾಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹಿಡಿಯ ಉಳಿದ ಸ್ಕ್ರೂವನ್ನು ಬಿಗಿದು ಮುಗಿಸಿದ.

ಮನೆಗೆ ಬರುವಷ್ಟರಲ್ಲಿ ತಂಗಿ ಅಕ್ಕನಿಗೆ ಫೋನು ಮಾಡಿಯಾಗಿತ್ತು. ಹೆಂಡತಿ ಕಿಟಕಿಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದಳು. ಅವನು ಕೈಕಾಲು ತೊಳೆದು ಬಂದ.

"ಒಡೆದು ಹಾಕಿದ್ರಂತೆ."

"ಹೂಂ. ಅವನ ಮುಖ ನೋಡ್ಬೇಕಿತ್ತು ನೀನು."

"ಕೈಗೆ ಕೊಟ್ಟಿದ್ಲಂತೆ ಅವಳು. ನೀವು ಮನೆಗೆ ತರಬಹುದಿತ್ತು."

"ಅವನ ಗಾಡಿ ಮೇಲೆ ಕೂತು ಅರಚಿದ ದನಿ. ಇರೋದಕ್ಕಿಂತ ಹೋಗಿದ್ದೇ ವಾಸಿ."

"ನಿಮಗೆ ವಾಸಿ" ಎಂದಳು. ಕಣ್ಣು ಒರೆಸಿಕೊಳ್ಳಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಅವನು ದಿನಾ ಹನ್ನೊಂದು ಗಂಟೆಗೆ ನಮ್ಮ ಬೀದೀಲಿ ಹೋಗ್ತಿದ್ನಲ್ಲ, ಆಗ ನಾನು ಒಲೆ ಆರಿಸಿ, ಕಿಟಕಿ ತೆಗೆದು ಇಲ್ಲಿ ಕೂತ್ಕೊಳ್ತಿದ್ದೆ. ಮೂರು ವರ್ಷದಿಂದ. ಅವನು ಆ ಮೂಲೆ ತಿರುಗೋ ತನಕ."

ಮಾಮ ಏನೋ ಹೇಳಲು ಬಾಯಿ ತೆರೆದ. ಗೊರಗೊರ ಎಂದಿತು. ಅವಳು ಅವನ ಮುಖ ನೋಡಲಿಲ್ಲ. ಎದ್ದು ಕಿಟಕಿ ಮುಚ್ಚಿ, ಊಟಕ್ಕೆ ಬಡಿಸಲು ಹೋದಳು.