ಬಿಟ್ಟುಕೊಂಡದ್ದು ನನ್ನ ಬೆಸುಗೆ

ಜಯಮ್ಮನವರ ವ್ಯಾನಿನಲ್ಲಿ ಬಿಟ್ಟುಕೊಂಡದ್ದು ನನ್ನ ಬೆಸುಗೆ, ಭಾವನದಲ್ಲ. ಅದು ನನಗೆ ಗೊತ್ತಿತ್ತು. ಕಣ್ಣಾರೆ ನೋಡಿ ಬಂದೂ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡೇ ಭಾವ ತೀರಿಕೊಂಡರು.

ಭಾವ ಎಂದರೆ ನನ್ನ ಅಕ್ಕ ರತ್ನಳ ಗಂಡ, ಮುನಿರಾಜು. ಹೊಸಕೋಟೆಯಲ್ಲಿ ಹಳೆಯ ಗಾಡಿಗಳ ಟಿಂಕರಿಂಗ್ ಶೆಡ್ ಇಟ್ಟುಕೊಂಡಿದ್ದರು. ತುಕ್ಕು ತಿಂದ ಬಾಗಿಲು, ನೆಲ, ಮಡ್‌ಗಾರ್ಡ್ — ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ಕೂರಿಸುವ ಕೆಲಸ. ನಾನು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸುತ್ತಿದ್ದವನು. ಮಗ್ಗಗಳನ್ನು ಮಾರಿ ಮನೆಯಲ್ಲಿ ಸುಮ್ಮನೆ ಕೂತಿದ್ದಾಗ, "ಬಾರೋ ನಾಗ, ಕೆಲಸ ಕಲಿಯೋಕೆ ವಯಸ್ಸೇನು" ಎಂದು ಕರೆದುಕೊಂಡು ಹೋದವರು ಅವರೇ. ಆಗಲೇ ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ತೆಳು ತಗಡಿನ ಬೆಸುಗೆ ಬೇಗ ಕೈಗೆ ಹತ್ತುವುದಿಲ್ಲ. ಬೆಂಕಿ ಒಂದು ಗಳಿಗೆ ಹೆಚ್ಚು ನಿಂತರೆ ತಗಡು ಕರಗಿ ತೂತು. ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ನಾನು ಹಾಳು ಮಾಡಿದ ತಗಡನ್ನೆಲ್ಲ ಭಾವ ಬೈಯದೆ ಮೂಲೆಗೆ ಎಸೆಯುತ್ತಿದ್ದರು.

"ಎಳೀಬೇಡ ಕಣೋ. ಒಂದು ಚುಕ್ಕೆ ಇಡು, ಬಿಡು, ಆರ್ಲಿ. ಅಷ್ಟ್ರಲ್ಲಿ ಇನ್ನೊಂದ್ ಕಡೆ ಹೋಗು. ತುಕ್ಕಿನ್ ಮೇಲಂತೂ ಇಡ್ಲೇಬೇಡ, ಹಿಡಿಯಲ್ಲ. ಹೊಳೆಯೋ ತಗಡು ಸಿಗೋವರ್ಗೂ ಕತ್ತರಿಸು."

ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಬೆಸುಗೆ ಸರಿಯಾಗಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದರು. ಗಿರಾಕಿಗಳಿಗೆ ಗೊತ್ತಾಗಬಾರದೆಂದು ನನಗೊಬ್ಬನಿಗೇ ಹೇಳಿದ್ದರು.

ಜಯಮ್ಮ ಸಮೇತನಹಳ್ಳಿಯವರು. ಗಂಡ ವ್ಯಾನ್ ಓಡಿಸಿದರೆ ಇವರು ಪಕ್ಕದ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಸೇವಂತಿಗೆ ಕಟ್ಟುತ್ತಾ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಅವರ ಸೀಟನ್ನು ಬೋಲ್ಟ್ ಮಾಡುವ ನೆಲವೇ ಕೊಳೆತಿತ್ತು. ಭಾವ ಹೊಸ ತಗಡು ಕೂರಿಸಿ, ಬಾಗಿಲ ಕಡೆಯ ಅಂಚನ್ನು ತಾವೇ ಬೆಸೆದರು. ಅಷ್ಟರಲ್ಲಿ ಮೊಮ್ಮಗನ ಮುಡಿ ಕೊಡಲು ಘಾಟಿ ದೇವಸ್ಥಾನಕ್ಕೆ ಹೊರಡಬೇಕಾಯಿತು.

"ಒಳಗಡೆ ಅಂಚು ಮುಟ್ಬೇಡ. ಬಂದು ನಾನ್ ಮಾಡ್ತೀನಿ."

ಮುಟ್ಟಿದೆ. ಅವರು ಬರುವಷ್ಟರಲ್ಲಿ ಮುಗಿಸಿ ತೋರಿಸಬೇಕೆಂಬ ಆಸೆ — ಇಲ್ಲ, ಆಸೆಯಲ್ಲ, ಹಮ್ಮು. ತುಕ್ಕನ್ನು ಪೂರ್ತಿ ಕತ್ತರಿಸಲಿಲ್ಲ. ಬೆಂಕಿ ಇಟ್ಟ ಕಡೆಯೆಲ್ಲ ತೂತು ಬಿತ್ತು. ಬೆವರುತ್ತಾ ಕೂತೆ. ಆಮೇಲೆ ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಕಪ್ಪು ಬಣ್ಣ ಹೊಡೆದೆ. ಭಾವ ಬಂದವರು ಮೊದಲು ಮುಖ ಗಂಟಿಕ್ಕಿದರು. ಬಗ್ಗಿ ಬೆರಳಾಡಿಸಿದರು. ಪುಟ್ಟಿ ನುಣ್ಣಗಿತ್ತು.

"ಪರವಾಗಿಲ್ವೇ! ಕೈ ಕೂತಿದೆ ನಿಂಗೆ," ಎಂದರು.

ಆಗಲೇ ಹೇಳಬಹುದಿತ್ತು. ಗಾಡಿ ಇನ್ನೂ ಶೆಡ್ಡಿನಲ್ಲೇ ಇತ್ತು.

ಕೆಲವು ವಾರಗಳ ನಂತರ ಬೂದಿಗೆರೆಯ ಹತ್ತಿರ ಅಡ್ಡ ಬಂದ ಟ್ರಾಕ್ಟರನ್ನು ತಪ್ಪಿಸಲು ಜಯಮ್ಮನ ಗಂಡ ಜೋರಾಗಿ ಬ್ರೇಕ್ ಹಾಕಿದರು. ಸೀಟು ನೆಲದ ತಗಡನ್ನೂ ಎಳೆದುಕೊಂಡು ಮೇಲೆದ್ದಿತು. ಮುಂದಕ್ಕೆ ಬಿದ್ದ ಜಯಮ್ಮನ ಬಲಗೈ ಮಣಿಕಟ್ಟು ಪುಡಿಯಾಯಿತು. ಸುದ್ದಿ ತಿಳಿದು ಭಾವ ಆಸ್ಪತ್ರೆಗೆ ಓಡಿದರು. "ನೀನು ಹೋಗಿ ಗಾಡಿ ನೋಡ್ಕೊಂಡ್ ಬಾ. ನನ್ ಕಣ್ಣಿನ್ ಮೇಲೆ ನಂಗೇ ನಂಬಿಕೆ ಇಲ್ಲ," ಎಂದರು.

ವ್ಯಾನು ಜಯಮ್ಮನವರ ಮನೆಯ ಮುಂದೆಯೇ ನಿಂತಿತ್ತು. ಒಳಗೆ ಬಗ್ಗಿ ನೋಡಿದೆ. ಬಾಗಿಲ ಕಡೆ ಭಾವ ಇಟ್ಟ ಚುಕ್ಕೆಗಳಲ್ಲಿ ಒಂದೂ ಅಲುಗಿರಲಿಲ್ಲ. ಒಳಗಿನ ಅಂಚು ಪೂರ್ತಿ ಹರಿದು ತಗಡು ಮೇಲಕ್ಕೆ ಮಡಚಿಕೊಂಡಿತ್ತು. ಪುಟ್ಟಿ ಹಪ್ಪಳದಂತೆ ಒಡೆದು ನೆಲದ ಮೇಲೆ ಬಿದ್ದಿತ್ತು.

ಆಸ್ಪತ್ರೆಗೆ ಬಂದಾಗ ಭಾವ ಮೆಟ್ಟಿಲ ಮೇಲೆ ಕೂತಿದ್ದರು.

"ಯಾವ್ ಕಡೆ ಬಿಟ್ಟಿದೆಯೋ?"

"ಬಾಗಿಲ್ ಕಡೆ, ಭಾವ."

"ನಂದಾ?"

"ಹೂಂ."

ಮೆಟ್ಟಿಲಿಂದ ಎದ್ದರು. ಒಳಗೆ ಹೋದರು. ಜಯಮ್ಮನ ಮಂಚದ ಹತ್ತಿರ ನಿಂತು, "ತಪ್ಪು ನಂದೇ ಕಣಮ್ಮ. ಕಣ್ಣು ಮಂಜಾಗಿತ್ತು, ಆದ್ರೂ ಮಾಡ್ದೆ," ಎಂದರು. ನಾನು ಅವರ ಹಿಂದೆಯೇ ನಿಂತಿದ್ದೆ. ಜಯಮ್ಮ ಮುಖವನ್ನು ಗೋಡೆ ಕಡೆಗೆ ತಿರುಗಿಸಿಕೊಂಡರು. ಆ ವ್ಯಾನು ಗುಜರಿಗೆ ಹೋಯಿತೆಂದು ಗೊತ್ತಾದ ದಿನ — ಇದನ್ನೂ ಹೇಳಿಬಿಡಬೇಕು — ನನಗೆ ನಿರಾಳವಾಯಿತು.

ಅಂದಿನಿಂದ ಭಾವ ಬೆಸುಗೆ ಮಾಡಲಿಲ್ಲ. ಶೆಡ್ಡು ನನ್ನ ಕೈಗೆ ಬಂತು. ಆಮೇಲೆ ಕಣ್ಣಿನ ಆಪರೇಷನ್ ಆಯಿತು, ದೂರದ ಬಸ್ಸಿನ ಬೋರ್ಡನ್ನೂ ಓದುವಷ್ಟು ಚೆನ್ನಾಗಿ ಕಾಣತೊಡಗಿತು. "ಈಗ ಕಾಣ್ಸುತ್ತಲ್ಲ ಭಾವ, ಒಂದ್ ಸಲ ಮಾಡಿ," ಎಂದು ಬೆಸುಗೆಯ ಟಾರ್ಚ್ ಕೊಡಲು ಹೋದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಬೇಡ ಕಣೋ. ಇನ್ನೊಬ್ರ ಕೈ ಮುರಿಯೋದ್ ಬೇಡ." ಆ ಗಳಿಗೆಯಲ್ಲಿಯೂ ನಾನು ಬಾಯಿ ಬಿಡಲಿಲ್ಲ. ಅಷ್ಟು ಹೊತ್ತಿಗೆ ಶೆಡ್ಡಿನ ಹೆಸರು ನನ್ನದಾಗಿತ್ತು, ಗಿರಾಕಿಗಳು ನನ್ನವರಾಗಿದ್ದರು, ನಾನು...

ಕಳೆದ ವರ್ಷ ಭಾವ ಹೋದರು. ವರ್ಷದ ತಿಥಿ ಮುಗಿದ ಮಾರನೆಯ ದಿನ ಅಕ್ಕನ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಕಿರುಚಾಡಲಿಲ್ಲ.

"'ಆಯಮ್ಮನ್ ಕೈ ಹೋಯ್ತಲ್ಲ ರತ್ನ' ಅಂತ ಊಟಕ್ಕೆ ಕೂತಾಗೆಲ್ಲ ನಿಮ್ ಭಾವ ಅನ್ನೋರು. ನೀನು ಪಕ್ಕದಲ್ಲೇ ಕೂತು ಉಣ್ತಿದ್ದೆ."

ಹೌದು, ಉಣ್ಣುತ್ತಿದ್ದೆ.

ಜಯಮ್ಮನ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲವಂತೆ. ಹೂವನ್ನು ಈಗ ಸೊಸೆ ಕಟ್ಟುತ್ತಾಳಂತೆ. ನಾಳೆ ಬೆಳಿಗ್ಗೆ ಸಮೇತನಹಳ್ಳಿಗೆ ಹೋಗುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಬಾಗಿಲಲ್ಲಿ ನಿಂತು, ಮುನಿರಾಜು ಹಾಕಿದ ಬೆಸುಗೆ ಬಿಟ್ಟಿರಲಿಲ್ಲ ಎಂದಷ್ಟೇ ಹೇಳಬೇಕು.