ಮೇಲ್ಕಟ್ಟಿನ ಕೆಳಗಿನ ಪಾದಗಳು

ಆರ್ಡಿ ನದಿಯ ಕಡವಿನಲ್ಲಿ ನಲವತ್ತೊಂಬತ್ತು ವರ್ಷ ದೋಣಿ ನಡೆಸಿದ ಕಾಲ್ಬನ್ ಹುಟ್ಟಿದ್ದು ಕ್ರಿಸ್ತಶಕ 1393ನೆಯ ಇಸವಿ ಜೂನ್ 9ರಂದು, ಸಂತ ಕೊಲಂಬನ ಹಬ್ಬದ ದಿನ. ಜೂನ್ 10 ಎಂದು ಹೇಳುವವರಿದ್ದಾರೆ. ಅದು ಅವನಿಗೆ ದೀಕ್ಷಾಸ್ನಾನವಾದ ದಿನ. ಹಬ್ಬದ ದಿನ ಹುಟ್ಟಿದ ಗಂಡು ಎದೆಗಾರನಾಗುತ್ತಾನೆಂದು ಸೂಲಗಿತ್ತಿ ಹರಸಿದ್ದಳು. ಆ ಹರಕೆ ಫಲಿಸಲಿಲ್ಲ. ಕಣಿವೆಯ ಜನ ಅವನನ್ನು ಹೆಸರು ಹಿಡಿದು ಕರೆದದ್ದಕ್ಕಿಂತ 'ಮೊಲ' ಎಂದು ಕರೆದದ್ದೇ ಹೆಚ್ಚು. ನಾಯಿ ಬೊಗಳಿದರೆ ದಾರಿ ಬದಲಿಸುವನು. ಕುದುರೆಯ ಮೇಲೆ ಯಾರಾದರೂ ಬಂದರೆ ತಲೆ ತಗ್ಗಿಸಿ ನೆಲ ನೋಡುತ್ತ ನಿಲ್ಲುವನು.

ಆದರೆ ಅವನ ಎಲ್ಲ ಅಂಜಿಕೆಗಳಿಗೂ ತಾಯಿಯಂತಿದ್ದ ಅಂಜಿಕೆ ಒಂದಿತ್ತು. 1403ರಲ್ಲಿ, ಅವನಿಗೆ ಹತ್ತು ವರ್ಷವಾಗಿದ್ದಾಗ, ನೆರೆಮನೆಯ ಡೂಗಲ್ ಎಂಬುವನು ಇನ್ನೊಬ್ಬನ ಎತ್ತನ್ನು ತನ್ನದೆಂದು ಊರ ಸಂತನ ಗಂಟೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ನಲವತ್ತನೆಯ ದಿನ ಡೂಗಲನ ಬಾಯಿ ಎಡಕ್ಕೆ ತಿರುಚಿಕೊಂಡಿತು. ಅವನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ವರ್ಷ ಕಾಲ್ಬನ್ನನ ತಾಯಿ ಗಂಜಿ ಕೊಟ್ಟು ಕಳುಹಿಸುತ್ತಿದ್ದಳು. ಆ ಓರೆ ಬಾಯಿಗೆ ಚಮಚೆಯಿಂದ ಗಂಜಿ ಹೊಯ್ದು, ಸೋರಿದ್ದನ್ನು ಗಲ್ಲದಿಂದ ಒರೆಸಿದವನು ಕಾಲ್ಬನ್. ದೇವರನ್ನು ಅವನು ಎಂದೂ ಕಂಡಿರಲಿಲ್ಲ. ಸುಳ್ಳಾಣೆಯ ಫಲವನ್ನು ದಿನಕ್ಕೆ ಎರಡು ಹೊತ್ತು ಒಂದು ಮೊಳ ದೂರದಿಂದ ಕಂಡಿದ್ದ.

1449ನೆಯ ಇಸವಿ ಸೆಪ್ಟೆಂಬರ್ 4ರ ಗುರುವಾರ ಡನ್‌ಆರ್ಡಿ ಕೋಟೆಯ ಒಡೆಯ ಸರ್ ಗಿಲ್ಬರ್ಟ್ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನಿಗೆ ಇಬ್ಬರು ಮಕ್ಕಳಾಗಿದ್ದರು. ಹಿರಿಯವನಾದ ಮಾಲೀಸ್ ಹುಟ್ಟಿದ್ದು 1406ರಲ್ಲಿ, ತಂದೆತಾಯಿಯರು ಮದುವೆಯಾಗುವುದಕ್ಕೆ ಆರು ವರ್ಷ ಮೊದಲು. ಕಿರಿಯವನಾದ ಸರ್ ಇಂಗ್ರಾಮ್ ಹುಟ್ಟಿದ್ದು 1414ರಲ್ಲಿ, ಮದುವೆಯಾದ ಮೇಲೆ. ಅವನ ಹೆರಿಗೆಯಲ್ಲಿಯೇ ತಾಯಿ ಮೇರಿಯನ್ ಸತ್ತಳು. ಮಾಲೀಸ್ 1444ರಲ್ಲಿ ಸಪಾಟಾದ ದಾರಿಯಲ್ಲಿ, ಸಾಧು ಕುದುರೆಯ ಮೇಲಿಂದ ಬಿದ್ದು ಸತ್ತ. ಆ ವಿಷಯವನ್ನು ಕಣಿವೆಯಲ್ಲಿ ಯಾರೂ ಎರಡನೆಯ ಸಲ ಎತ್ತುತ್ತಿರಲಿಲ್ಲ. ಅವನ ಹಿಂದೆ ಉಳಿದವಳು ಒಬ್ಬಳೇ ಮಗಳು, ಈಗ ಹನ್ನೊಂದು ವರ್ಷದ ಎಜಿಡಿಯಾ.

ಮದುವೆಗೆ ಮೊದಲೇ ಹುಟ್ಟಿದ ಮಗುವಿದ್ದರೆ, ಗಂಡುಹೆಣ್ಣಿನ ತಲೆಯ ಮೇಲೆ ನಾಲ್ವರು ಹಿಡಿಯುವ ಬಿಳಿಯ ಮೇಲ್ಕಟ್ಟಿನ ಕೆಳಗೆ ಆ ಮಗುವನ್ನೂ ನಿಲ್ಲಿಸಿಕೊಳ್ಳುವುದು ಆ ನಾಡಿನ ಪದ್ಧತಿ. ಕೆಳಗೆ ನಿಂತ ಮಗು ವಂಶದ ಮಗು. ಹೊರಗುಳಿದದ್ದು ಯಾರದೂ ಅಲ್ಲ. ಸರ್ ಗಿಲ್ಬರ್ಟನ ಮದುವೆ ನಡೆದದ್ದು 1412ನೆಯ ಇಸವಿ ಏಪ್ರಿಲ್ 24ರ ಭಾನುವಾರ. ಅಂದು ಮಾಲೀಸ್ ಮೇಲ್ಕಟ್ಟಿನ ಕೆಳಗೆ ನಿಂತಿದ್ದನೆ? ನಿಂತಿದ್ದರೆ ಕೋಟೆ, ಗಿರಣಿ, ನದಿಯ ಎರಡು ದಡದ ಹೊಲಗಳೆಲ್ಲ ಎಜಿಡಿಯಾಳ ಪಾಲು. ಇಲ್ಲದಿದ್ದರೆ ಸರ್ ಇಂಗ್ರಾಮನ ಪಾಲು. ಮದುವೆ ಮಾಡಿಸಿದ ಪಾದ್ರಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಸತ್ತ ಒಡೆಯನ ವಂಶಾವಳಿಯನ್ನು ಶೋಧಿಸಿ ವಾರಸುದಾರರು ಯಾರೆಂದು ಹೇಳಲು ಹದಿನೈದು ಮಂದಿ ಪಂಚರು ನವೆಂಬರ್ 18ರ ಮಂಗಳವಾರ ಚರ್ಚಿನಲ್ಲಿ ಸೇರತಕ್ಕದ್ದೆಂದು, ರಾಜನ ಪರವಾಗಿ ನ್ಯಾಯ ನೋಡುವ ಷೆರೀಫನ ಅಪ್ಪಣೆಯಾಯಿತು.

ಪಂಚರಲ್ಲಿ ಯಾರನ್ನು ಬೇಕಾದರೂ ಬೇಡವೆನ್ನುವ ಹಕ್ಕು ಸರ್ ಇಂಗ್ರಾಮನಿಗಿತ್ತು. ಮೂವರನ್ನು ಅವನು ಹಾಗೆ ಹೊಡೆದುಹಾಕಿದ. ಕಾಲ್ಬನ್ನನ ಹೆಸರು ಬಂದಾಗ ಮಾತ್ರ ನಕ್ಕು, "ಮೊಲ ತಾನೆ? ಇರ್ಲಿ ಬಿಡಿ" ಎಂದನಂತೆ.

ನವೆಂಬರ್ 1ರ ಶನಿವಾರ, ಸಕಲ ಸಂತರ ಹಬ್ಬದ ದಿನ, ಸರ್ ಇಂಗ್ರಾಮನ ಪಾರುಪತ್ಯಗಾರ ಸ್ಯಾಂಡರ್ ಕಡವಿನ ಗುಡಿಸಲಿಗೆ ಬಂದ. ಒಲೆಯ ಮುಂದಿನ ಒಂದೇ ಪೀಠದಲ್ಲಿ ಕುಳಿತು, ಕಾಲ್ಬನ್ನನ ಹೆಂಡತಿ ಬೇತಕ್ ಹಬ್ಬಕ್ಕೆಂದು ಸುಟ್ಟಿದ್ದ ಓಟ್ಸ್ ರೊಟ್ಟಿಯನ್ನು ಕೇಳದೆಯೇ ಕೈಗೆತ್ತಿಕೊಂಡ.

"ಏನೋ ಮೊಲ, ಪಂಚರ ಪಟ್ಟೀಲಿ ನಿನ್ನ ಹೆಸರೂ ಇದೆಯಂತೆ?"

"ಇದೆ ಸ್ವಾಮಿ. ನಂಗೇನೂ ತಿಳಿಯಲ್ಲ ಅಂದೆ, ಬಿಡಲಿಲ್ಲ."

"ತಿಳೀದೆ ಇರೋದೇ ಒಳ್ಳೇದಪ್ಪಾ. ಬಾ, ಕೂತ್ಕೋ, ಮಿಕ್ಕೋರು ಹೂಂ ಅಂದಾಗ ನೀನೂ ಹೂಂ ಅನ್ನು. ಮಾಲೀಸ್‌ಗೆ ಆವತ್ತು ಮೈತುಂಬ ದಡಾರ ಎದ್ದಿತ್ತು, ಚರ್ಚಿನ ಕಡೆ ತಲೆ ಹಾಕ್ಲಿಲ್ಲ. ಊರಿಗೇ ಗೊತ್ತಿರೋ ವಿಷಯ. ಅಲ್ವಾ?"

ಕಾಲ್ಬನ್ ನೆಲ ನೋಡಿದ.

ಸ್ಯಾಂಡರ್ ರೊಟ್ಟಿಯ ಚೂರುಗಳನ್ನು ಮಡಿಲಿನಿಂದ ಕೊಡವಿ ಎದ್ದ. ಬಾಗಿಲಲ್ಲಿ ನಿಂತು ನದಿಯನ್ನು ನೋಡಿದ. "ಒಳ್ಳೇ ದೋಣಿ ಕಣೋ ನಿಂದು. ದೋಣಿ ಮಗುಚೋಕೆ ಗಾಳೀನೇ ಬೀಸಬೇಕು ಅಂತೇನಿಲ್ಲ, ಅಲ್ವಾ?" ಎಂದು ಹೇಳಿ ಹೋದ.

"ತಿಂದಿದ್ದು ನನ್ನ ರೊಟ್ಟಿ, ಬೆದರಿಸಿದ್ದು ನನ್ನ ಗಂಡನ್ನ!" ಎಂದು ಬೇತಕ್ ಒಲೆಯನ್ನು ಕೆದಕಿದಳು. ತಿರುಗಿ ನೋಡಿದರೆ ಗಂಡನ ಮುಖದಲ್ಲಿ ರಕ್ತವೇ ಇರಲಿಲ್ಲ. "ಏನಾಯ್ತಯ್ಯಾ? ಹೂಂ ಅಂದು ಬಂದ್ಬಿಡು. ನಿಂಗೆ ಹೂಂ ಅನ್ನೋದು ಹೊಸದಾ?"

"ಬೇತಕ್, ಆವತ್ತು ಬಟ್ಟೆ ಹಿಡಿದೋರಲ್ಲಿ ನಾನೂ ಒಬ್ಬ."

ಅವಳ ಕೈಯಲ್ಲಿದ್ದ ಕಡ್ಡಿ ಹಾಗೆಯೇ ನಿಂತಿತು.

ಮದುವೆಯ ದಿಬ್ಬಣವನ್ನು ನದಿ ದಾಟಿಸಿದವನು ಹದಿನೆಂಟು ವರ್ಷದ ಕಾಲ್ಬನ್ನನೇ. ಮೇಲ್ಕಟ್ಟಿನ ನಾಲ್ಕನೆಯ ಮೂಲೆಯನ್ನು ಹಿಡಿಯಬೇಕಾಗಿದ್ದ ನೆಂಟನು ದಾರಿಯಲ್ಲಿ ಇನ್ನೊಂದು ಹೊಳೆಯ ಪ್ರವಾಹ ಅಡ್ಡವಾಗಿ ಬಂದಿರಲಿಲ್ಲ. ಹೊತ್ತು ಮೀರುತ್ತದೆಂದು ಪಾದ್ರಿ ಬಾಗಿಲ ಬಳಿ ನಿಂತಿದ್ದ ಅಂಬಿಗನ ತೋಳು ಹಿಡಿದು ಎಳೆದು, ಒದ್ದೆ ಬಟ್ಟೆಯಲ್ಲಿಯೇ ಆ ಮೂಲೆಯನ್ನು ಅವನ ಕೈಗಿತ್ತ. ಅಂಬಿಗನ ಮುಖವನ್ನು ಯಾರು ನೆನಪಿಡುತ್ತಾರೆ? ಉಳಿದ ಮೂವರೂ ಈಗ ಮಣ್ಣಿನಲ್ಲಿದ್ದರು.

"ಮೂವತ್ತೇಳು ವರ್ಷ! ನನ್ನ ಹತ್ರಾನೂ ಹೇಳ್ಲಿಲ್ವಲ್ಲ?"

"ಯಾರೂ ಕೇಳಿರಲಿಲ್ಲ."

"ಹಾಗಾದ್ರೆ ಈಗ್ಲೂ ಯಾರಿಗೂ ಗೊತ್ತಿಲ್ಲ. ಸುಮ್ಮನಿರು. ಸುಳ್ಳು ಹೇಳು ಅಂತ ನಾನು ಅಂತಿಲ್ಲ, ಬಾಯಿ ತೆರೀಬೇಡ ಅಂತೀನಿ."

"ಆಣೆ ಹಾಗಿಲ್ಲ ಕಣೇ. 'ನಿಜ ಹೇಳ್ತೀನಿ, ತಿಳಿದ ನಿಜ ಬಚ್ಚಿಡಲ್ಲ' ಅಂತ ಗಂಟೆ ಮುಟ್ಟಿ ಹೇಳಬೇಕು. ಸುಮ್ಮನಿದ್ರೂ ಸುಳ್ಳೇ."

ಅತ್ತ ಹುಲಿ, ಇತ್ತ ದರಿ. ಮುಂದಿನ ಹದಿನೇಳು ದಿನ ಕಾಲ್ಬನ್ ಸರಿಯಾಗಿ ಉಣ್ಣಲಿಲ್ಲ. ಹುಟ್ಟು ಹಾಕುತ್ತಿದ್ದಾಗ ನೀರಿನಲ್ಲಿ ತನ್ನ ಬಾಯಿಯ ನೆರಳನ್ನು ನೋಡುವನು. ದಡದಲ್ಲಿ ಕುದುರೆಯ ಸಪ್ಪಳವಾದರೆ ನಡುಹೊಳೆಯಲ್ಲಿಯೇ ದೋಣಿ ನಿಲ್ಲಿಸಿ ಅದು ದೂರವಾಗುವವರೆಗೆ ಕಾಯುವನು.

ನವೆಂಬರ್ 18 ಬಂತು. ಹದಿನೈದು ಮಂದಿಯೂ ಒಬ್ಬೊಬ್ಬರಾಗಿ ಗಂಟೆ ಮುಟ್ಟಿದರು. ಕಾಲ್ಬನ್ನನ ಬೆರಳಿಗೆ ಆ ಕಂಚು ಮಂಜುಗಡ್ಡೆಯಂತಿತ್ತು. ಸರ್ ಇಂಗ್ರಾಮ್ ಕಂಬಕ್ಕೆ ಒರಗಿ ನಿಂತು ಎಲ್ಲರನ್ನೂ ಎಣಿಸುವಂತೆ ನೋಡುತ್ತಿದ್ದ. ಎಜಿಡಿಯಾ ತಾಯಿಯ ಪಕ್ಕದಲ್ಲಿ ಬೆಂಚಿನ ತುದಿಗೆ ಕುಳಿತಿದ್ದಳು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಪಂಚರನ್ನು ಪೂಜಾವಸ್ತ್ರಗಳ ಕೋಣೆಗೆ ಕಳುಹಿಸಿ ಬಾಗಿಲು ಹಾಕಿದರು. ಗಿರಣಿಯ ಲಾರೆನ್ಸ್ ಹಿರಿಯನಾದ್ದರಿಂದ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದರು.

"ನೋಡ್ರಪ್ಪಾ, ಕಂಡೋರು ಯಾರೂ ಬದುಕಿಲ್ಲ. ಕಾಣದ್ದನ್ನ ಕಂಡೆ ಅನ್ನೋ ಹಾಗಿಲ್ಲ. ಸರ್ ಇಂಗ್ರಾಮ್ ಅಂತ ಹೇಳಿ ಮನೆಗೆ ಹೋಗೋಣ. ಏನಂತೀರಿ?"

ಒಬ್ಬ ಉಗುರು ಕಚ್ಚುತ್ತಿದ್ದ. ಕುರಿಗಳ ಗಿಲ್‌ಕ್ರಿಸ್ಟ್, ಯಾವಾಗಲೂ ತಮಾಷೆಯ ಮನುಷ್ಯ, ಗೋಡೆಯ ಕಡೆಗೆ ಮುಖ ಮಾಡಿ ನಿಂತಿದ್ದ.

"ಹಾಗಾದ್ರೆ ಆಯ್ತು," ಎಂದು ಲಾರೆನ್ಸ್ ಬಾಗಿಲ ಚಿಲಕಕ್ಕೆ ಕೈ ಹಾಕಿದ.

"ನಾನು ಪಾದ ನೋಡಿದೆ."

ಹೇಳಿದವನು ತಾನೇ ಎಂದು ಕಾಲ್ಬನ್ನನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಹದಿನಾಲ್ಕು ಮುಖಗಳು ಅವನತ್ತ ತಿರುಗಿದವು.

"ಯಾರ ಪಾದವೋ?" ಎಂದ ಲಾರೆನ್ಸ್.

"ಬಟ್ಟೆ ಹಿಡಿದಿದ್ದೆ. ದೊಡ್ಡ ಒಡೆಯರ ಮುಖ ನೋಡೋಕೆ ಹೆದರಿ ನೆಲ ನೋಡ್ತಾ ನಿಂತಿದ್ದೆ. ಬಟ್ಟೆ ಕೆಳಗೆ ಒಡೆಯರ ಬೂಟು, ಅಮ್ಮಾವ್ರ ಮೆಟ್ಟು. ಅವೆರಡರ ಮಧ್ಯೆ ಎರಡು ಪುಟ್ಟ ಬರಿ ಪಾದ. ಒಂದು ಪಾದ ಇನ್ನೊಂದನ್ನ ಕೆರೀತಾ ಇತ್ತು. ಎರಡರ ಮೇಲೂ ಕೆಂಪು ಕೆಂಪು ಗುಳ್ಳೆ. ಮುಖ ನೋಡಿಲ್ಲಪ್ಪಾ. ಮಾಲೀಸ್ ಅಂತ ನಾನು ಹೇಳ್ತಿಲ್ಲ. ಪಾದ ನೋಡಿದೆ, ಅಷ್ಟೇ."

"ಮೊಲ ಬಾಯಿ ಬಿಡ್ತು, ಕಾಲ ಕೆಟ್ಟಿತು," ಎಂದು ಯಾರೋ ಗೊಣಗಿದರು. ನಗು ಬರಲಿಲ್ಲ.

ಗಿಲ್‌ಕ್ರಿಸ್ಟ್ ಗೋಡೆಯಿಂದ ತಿರುಗಿದ. "ನಮ್ಮವ್ವ ಮಾಲೀಸ್‌ನ ದಾದಿ ಆಗಿದ್ಲಲ್ಲ. ದಡಾರ ಎದ್ದಿದ್ದು ನಿಜ. ಮೈಮೇಲೆ ಏನೂ ಹಾಕಿಸಿಕೊಳ್ಳಲಿಲ್ವಂತೆ ಹುಡುಗ, ಉರಿ ಉರಿ ಅಂತಿದ್ನಂತೆ. ಕಂಬಳೀಲಿ ಸುತ್ತಿ, ಬರಿಗಾಲಲ್ಲೇ ಎತ್ಕೊಂಡು ಹೋಗಿ ಚರ್ಚಿನ ಬಾಗಿಲಲ್ಲಿ ಅವನ ತಾಯಿ ಕೈಗೆ ಕೊಟ್ಲಂತೆ. ಒಳಗೆ ಏನಾಯ್ತು ಅಂತ ಅವಳಿಗೆ ಗೊತ್ತಿಲ್ಲ. ಅದಕ್ಕೇ ನಾನೂ..."

ಲಾರೆನ್ಸ್ ಚಿಲಕದಿಂದ ಕೈ ತೆಗೆದ. ತಮಗೆ ಒಂದೊಂದು ಚೂರು ತಿಳಿದಿದ್ದರೂ ಮತ್ತೊಬ್ಬನು ಮೊದಲು ಹೇಳಲಿ ಎಂದು ಕಾದವರು ಆ ಕೋಣೆಯಲ್ಲಿ ಇನ್ನೂ ಇಬ್ಬರಿದ್ದರು. ಸುಮಾರು ಒಂದು ಗಂಟೆಯ ನಂತರ ಮತ ಕೇಳಿದಾಗ ಎಜಿಡಿಯಾಳ ಕಡೆಗೆ ಒಂಬತ್ತು, ಸರ್ ಇಂಗ್ರಾಮನ ಕಡೆಗೆ ಆರು ಬಂದವು. ಲಾರೆನ್ಸ್ ಹೊರಗೆ ಹೋಗಿ, ಮೇಲ್ಕಟ್ಟನ್ನು ಹಿಡಿದಿದ್ದವನೊಬ್ಬನು ಮಗುವಿನ ಪಾದಗಳನ್ನು ಕಂಡಿದ್ದಾನೆಂದೂ, ಮಾಲೀಸ್ ವಂಶದ ಹಿರಿಯ ಮಗನೆಂದೂ, ಅವನ ಮಗಳು ವಾರಸುದಾರಳೆಂದೂ ಷೆರೀಫನಿಗೆ ಅರಿಕೆ ಮಾಡಿದ. ಯಾವನು ಹಿಡಿದಿದ್ದನೆಂಬುದನ್ನು ಅವನು ಹೇಳಲಿಲ್ಲ, ಷೆರೀಫನೂ ಕೇಳಲಿಲ್ಲ. ಸರ್ ಇಂಗ್ರಾಮ್ ಕಂಬದಿಂದ ಅಲುಗಲಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಕಾಲ್ಬನ್ ದೋಣಿ ಬಿಚ್ಚುತ್ತಿದ್ದ. ಬೆನ್ನ ಹಿಂದೆ ಬೂಟಿನ ಸದ್ದಾಯಿತು. ಸರ್ ಇಂಗ್ರಾಮ್ ಆಳುಗಳನ್ನೂ ಕುದುರೆಗಳನ್ನೂ ಮೇಲಿನ ಸೇತುವೆಯ ದಾರಿಗೆ ಕಳುಹಿಸಿ, ಒಬ್ಬನೇ ಬಂದು ದೋಣಿಯ ಹಿಂಬದಿಯಲ್ಲಿ ಕುಳಿತ. ಹುಟ್ಟು ಹಾಕುವವನು ಅವನಿಗೆ ಎದುರಾಗಿಯೇ ಕುಳಿತುಕೊಳ್ಳಬೇಕು, ಬೇರೆ ದಾರಿಯಿರಲಿಲ್ಲ. ಮಳೆಯಿಂದ ಹೊಳೆ ಉಬ್ಬಿತ್ತು. ನೀರು ಕಂದು ಬಣ್ಣದ್ದಾಗಿ, ಸದ್ದಿಲ್ಲದೆ, ಬಹಳ ರಭಸದಿಂದ ಹರಿಯುತ್ತಿತ್ತು. ಅಂಬಿಗನಾಗಿದ್ದರೂ ಕಾಲ್ಬನ್ನನಿಗೆ ಈಜು ಬರುತ್ತಿರಲಿಲ್ಲ.

ನಡುಹೊಳೆಯಲ್ಲಿ ಸರ್ ಇಂಗ್ರಾಮ್ ಬಾಯಿ ತೆರೆದ. "ನಿಲ್ಲಿಸು."

ಕಾಲ್ಬನ್ ಪ್ರವಾಹಕ್ಕೆ ಎದುರಾಗಿ ಹುಟ್ಟನ್ನು ಒತ್ತಿ ಹಿಡಿದ.

"ಬಟ್ಟೆ ಹಿಡಿದೋನು ನೀನು."

"ಬುದ್ಧೀ..."

"ಯಾರೂ ಹೇಳ್ಲಿಲ್ಲ. ದೋಣಿ ಹತ್ತಿದಾಗಿಂದ ನೋಡ್ತಿದ್ದೀನಿ. ಒಂದು ಸಲಾನಾದ್ರೂ ನನ್ನ ಮುಖ ನೋಡಿದ್ಯೇನೋ? ಈಗ್ಲೂ ಬೂಟನ್ನೇ ನೋಡ್ತಾ ಕೂತಿದ್ದೀಯ."

ಕಾಲ್ಬನ್ ಹೌದೆಂದು ತಲೆಯಾಡಿಸಿದ. ಇನ್ನು ಬರುವುದು ಕೈಯೋ ಕತ್ತಿಯೋ ಎಂದು ಕಣ್ಣು ಮುಚ್ಚಿದ. ಬಂದದ್ದು ಪ್ರಶ್ನೆ.

"ಅಮ್ಮ ಏನು ಮೆಟ್ಟಿದ್ಲು?"

"ಹ... ಹಸಿರು ಚರ್ಮದ ಮೆಟ್ಟು, ಬುದ್ಧಿ. ಎಡಗಾಲಿನದು ಒದ್ದೆಯಾಗಿತ್ತು. ಇದೇ ದೋಣಿಯಿಂದ ಇಳಿಯೋವಾಗ ನೀರಿಗಿಟ್ಬಿಟ್ರು. ನಕ್ಕುಬಿಟ್ರು."

ಸರ್ ಇಂಗ್ರಾಮ್ ದಡದ ಕಡೆ ನೋಡುತ್ತ ಕುಳಿತ. ಪ್ರವಾಹ ದೋಣಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಬಹಳ ಹೊತ್ತಾದ ಮೇಲೆ ಅವನು ಕೈಸನ್ನೆ ಮಾಡಿದ. ಕಾಲ್ಬನ್ ಮತ್ತೆ ಹುಟ್ಟು ಹಾಕಿದ. ಇಳಿಯುವ ಮೊದಲು ಸರ್ ಇಂಗ್ರಾಮ್ ಬೂಟಿನ ಹಿಮ್ಮಡಿಯಿಂದ ತಳದ ಒಂದು ಹಲಗೆಯನ್ನು ಒತ್ತಿದ. ಅದು ಕಿರ್ ಎಂದಿತು.

"ಹಲಗೆ ಹಳೇದಾಗಿದೆ. ನೋಡ್ಕೋ."

ಅಷ್ಟು ಹೇಳಿ ಅವನು ಹಿಂದಿರುಗಿ ನೋಡದೆ ದಿಬ್ಬ ಹತ್ತಿಹೋದ.

ಆ ಮಾತು ಬುದ್ಧಿವಾದವೋ ಬೆದರಿಕೆಯೋ ಕಾಲ್ಬನ್ನನಿಗೆ ತಿಳಿಯಲಿಲ್ಲ. ಮರುದಿನದಿಂದ ಅವನು ನಸುಕಿನಲ್ಲೆದ್ದು ದೋಣಿಯನ್ನು ಬೋರಲು ಹಾಕಿ, ಒಂದೊಂದು ಹಲಗೆಯ ಮೇಲೂ ಅಂಗೈಯಾಡಿಸಿ, ಯಾರಾದರೂ ತೂತು ಕೊರೆದಿದ್ದಾರೆಯೆ ಎಂದು ತಡವಿ ನೋಡಿದ ಹೊರತು ನೀರಿಗೆ ಇಳಿಸಲಿಲ್ಲ. ತೂತು ಒಂದು ದಿನವೂ ಸಿಗಲಿಲ್ಲ. ಸಿಗದಿದ್ದದ್ದರಿಂದ ಅಂಜಿಕೆ ಕಡಿಮೆಯಾಗಲಿಲ್ಲ. ಹಾಗಾದರೆ ನಾಳೆ ಇರಬಹುದು ಎನಿಸುತ್ತಿತ್ತು. ಎಜಿಡಿಯಾ ಕೋಟೆ ಸೇರಿದಳು. ಸರ್ ಇಂಗ್ರಾಮ್ 1451ರ ವಸಂತದಲ್ಲಿ ಫ್ರಾನ್ಸಿನ ದಂಡಿಗೆ ಸೇರಲು ಹಡಗು ಹತ್ತಿದ. ಕಾಲ್ಬನ್ ಹಲಗೆ ತಡವುವುದನ್ನು ಬಿಡಲಿಲ್ಲ. ಹೋದವರು ಬರುವುದೂ ಉಂಟು.

1453ನೆಯ ಇಸವಿ ಅಕ್ಟೋಬರ್ 9ರ ಬೆಳಿಗ್ಗೆ ಬೇತಕ್ ಗಿರಣಿಯಿಂದ ಓಡೋಡುತ್ತ ಬಂದಳು. ಸರ್ ಇಂಗ್ರಾಮ್ ದಂಡಿನ ಬಿಡಾರದಲ್ಲಿ ಜ್ವರ ಬಂದು ಸತ್ತಿದ್ದ. ಸತ್ತದ್ದು ಹಿಂದಿನ ವರ್ಷದ ಆಗಸ್ಟ್ 6ರಂದೇ, ಸುದ್ದಿ ಬಂದದ್ದು ಈಗ. ಎಂದರೆ ನಾನೂರ ಇಪ್ಪತ್ತೊಂಬತ್ತು ಬೆಳಗು ಕಾಲ್ಬನ್ ಸತ್ತವನಿಗೆ ಹೆದರಿದ್ದ.

"ಬಿಡಯ್ಯಾ ಇನ್ನ! ಸತ್ತೋನು ಬಂದು ತೂತು ಕೊರೀತಾನಾ? ಬಾ, ಗಂಜಿ ಆರ್ತಾ ಇದೆ."

ಕಾಲ್ಬನ್ ಬೋರಲು ಹಾಕಿದ್ದ ದೋಣಿಯ ಪಕ್ಕದಲ್ಲಿ ಮೊಣಕಾಲೂರಿದ್ದ. ಸುದ್ದಿ ಕೇಳಿ ಶಿಲುಬೆಯ ಗುರುತು ಮಾಡಿಕೊಂಡ.

"ಸ್ಯಾಂಡರ್ ಇದ್ದಾನಲ್ಲ," ಎಂದು ಹೇಳಿ, ಉಳಿದಿದ್ದ ಬದಿಯ ಹಲಗೆಗಳ ಮೇಲೆ ಅಂಗೈಯಾಡಿಸತೊಡಗಿದ.